ಪತ್ತೆಯಿಲ್ಲದ ಆಸಾಮಿಯ ಸ್ಟೂಲು

ಗುಮಾಸ್ತರಿಗೆ ಸುಳ್ಳು ಹೇಳುವ ಅಭ್ಯಾಸ ಇರಲಿಲ್ಲ. ಅಭ್ಯಾಸ ಇದ್ದವರಿಗೆ ಎಲ್ಲಿ ನಿಲ್ಲಿಸಬೇಕು ಅನ್ನುವುದಾದರೂ ಗೊತ್ತಿರುತ್ತದೆ.

ಮದುವೆಯಾಗಿ ಹೆಂಡತಿಯ ತವರುಮನೆಗೇ ಬಂದು ಸೇರಿದ ಹೊಸತರಲ್ಲಿ, ಎದುರುಮನೆಯ ಟೈಲರ್ ಕೂತಿದ್ದಾಗಲೇ ಅತ್ತೆ ಕೇಳಿಬಿಟ್ಟರು: "ಅಳಿಯಂದಿರೇ, ಆಫೀಸಲ್ಲಿ ನೀವು ಮಾಡೋದಾದ್ರೂ ಏನು?"

ನಿಜ ಹೇಳಬೇಕೆಂದರೆ, ಮುಚ್ಚಿಹೋದ ಒಂದು ಬೀಗದ ಕಾರ್ಖಾನೆಯ ನಿವೃತ್ತಿ ನಿಧಿಯ ಕಚೇರಿಯಲ್ಲಿ, ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಅವರೊಬ್ಬ ಹಂಗಾಮಿ ಗುಮಾಸ್ತ. ಕೆಲಸಗಾರರ ನಿವೃತ್ತಿ ಹಣ ಬಂದು ಕೂತಿತ್ತು, ತೆಗೆದುಕೊಳ್ಳಬೇಕಾದ ಕೆಲವರು ಮಾತ್ರ ಎಲ್ಲಿದ್ದಾರೋ ಗೊತ್ತಿರಲಿಲ್ಲ. ಅಂಥವರ ಹಳೆಯ ವಿಳಾಸಕ್ಕೆ ಪತ್ರ ಬರೆಯುವುದು, ಅದು ವಾಪಸು ಬಂದರೆ ಫೈಲಿಗೆ ಸೇರಿಸುವುದು ಅವರ ಕೆಲಸ. ಆದರೆ ಟೈಲರ್ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿ ಕಿವಿ ಕೊಟ್ಟಿದ್ದ. ಗುಮಾಸ್ತರ ಬಾಯಿ ಅವರನ್ನು ಕೇಳದೆ ಹೇಳಿತು: "ಕಾನೂನು ವಿಭಾಗ. ಅದಕ್ಕಿಂತ ಹೆಚ್ಚು ಹೇಳೋ ಹಾಗಿಲ್ಲ."

ಎರಡನೆಯ ವಾಕ್ಯ ನಿಜವೇ ಆಗಿತ್ತು. ಕಚೇರಿಯ ವಿಷಯ ಹೊರಗೆ ಆಡಬಾರದೆಂದು ನಿಯಮವಿತ್ತು. ಆದರೆ ಎರಡನೆಯ ವಾಕ್ಯದ ನಿಜದಿಂದಾಗಿ ಮೊದಲನೆಯದನ್ನೂ ಎಲ್ಲರೂ ನಂಬಿದರು. ಸಂಜೆಯೊಳಗೆ ಬೀದಿಯಲ್ಲಿ ಅವರಿಗೆ "ರಹಸ್ಯ ಸಾಹೇಬರು" ಎಂಬ ಹೆಸರು ಬಿತ್ತು. ತರಕಾರಿಯವಳು ತೂಕದಲ್ಲಿ ಒಂದು ಟೊಮೆಟೊ ಹೆಚ್ಚು ಹಾಕತೊಡಗಿದಳು. ಇಷ್ಟು ಲಾಭವಿರುವ ಸುಳ್ಳನ್ನು ತಿದ್ದಲು ಯಾವ ಗಂಡಸಿಗೆ ಮನಸ್ಸು ಬರುತ್ತದೆ? ಹೆಂಡತಿಗೆ ಮಾತ್ರ ಅನುಮಾನವಿತ್ತು. "ಕಾನೂನಿನವರಾದ್ರೆ ಗ್ಯಾಸ್ ಸಿಲಿಂಡರಿನವನ ಹತ್ರ ಯಾಕ್ರೀ ಅಷ್ಟು ಹೆದರ್ತೀರಿ?" ಎಂದು ಒಮ್ಮೆ ಕೇಳಿದ್ದಳು.

ಕಚೇರಿಯಲ್ಲಿ ಇನ್ನೊಂದು ನಿಯಮವಿತ್ತು, ಈ ಕಥೆಗೆಲ್ಲ ಅದೇ ಮೂಲ. ಪತ್ರದಲ್ಲಿ ಹಣದ ಮಾತು ಎತ್ತುವಂತಿಲ್ಲ. ಆಸಾಮಿ ಇಂಥವನೇ ಎಂದು ಖಚಿತವಾಗುವ ತನಕ ಬಾಯಲ್ಲೂ ಹೇಳುವಂತಿಲ್ಲ. ಹಿಂದೊಮ್ಮೆ ಒಬ್ಬ ಫಿಟ್ಟರಿಗೆ "ನಿಮ್ಮ ಹಣ ನಮ್ಮಲ್ಲಿದೆ" ಎಂದು ಬರೆದಿದ್ದಕ್ಕೆ ಅದೇ ಫಿಟ್ಟರ್ ನಾಲ್ಕು ಜನ ಬಂದಿದ್ದರು. ಅವರಲ್ಲಿ ಒಬ್ಬಳು ಹೆಂಗಸು.

ಹಾಗಾಗಿ ಗುಮಾಸ್ತರು ಹಣ ಬಿಟ್ಟು ಪತ್ರ ಬರೆಯುತ್ತಿದ್ದರು. "ತಮಗೆ ಸಂಬಂಧಿಸಿದ ಒಂದು ವಿಷಯವು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ತಾವು ಗುರುತಿನ ದಾಖಲೆಯೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆಗಾರರಾಗಿರುತ್ತೀರಿ." ಆ "ತಕ್ಕದ್ದು" ಅವರ ಸ್ವಂತ ಸೇರ್ಪಡೆ. ಅದನ್ನು ಬರೆಯುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಓದಿದವರ ಬೆನ್ನಲ್ಲೂ ಏನೋ ಆಗುತ್ತಿತ್ತು. ಮನೆಯಲ್ಲಿ ನೆಮ್ಮದಿಯಾಗಿದ್ದ ನಿವೃತ್ತ ಕಾವಲುಗಾರನೊಬ್ಬ ಪತ್ರ ಓದಿದ ದಿನವೇ ಮಗಳ ಊರಿಗೆ ಹೊರಟುಹೋದ. ಪತ್ತೆಯಿಲ್ಲದವರ ಪಟ್ಟಿ ಗುಮಾಸ್ತರು ಬಂದ ಮೇಲೆ ಬೆಳೆಯಿತೇ ಹೊರತು ಕುಗ್ಗಲಿಲ್ಲ.

ಕೊನೆಗೆ ಮೇಲಧಿಕಾರಿ ಮೇಡಂ ತಾವೇ ಫೋನು ಹಿಡಿದು, ಅಣ್ಣ ತಮ್ಮ ಎಂದು ಮಾತಾಡಿಸಿ, ಒಬ್ಬನನ್ನು ಬಿಟ್ಟು ಮಿಕ್ಕವರನ್ನೆಲ್ಲ ಹಿಡಿದರು. ಉಳಿದ ಆ ಒಬ್ಬ, ಕಾರ್ಖಾನೆಯಲ್ಲಿ ಬೀಗ ಪರೀಕ್ಷಿಸುತ್ತಿದ್ದವನು. ಫೋನಿಲ್ಲ, ಬಂಧುಗಳಿಲ್ಲ. ಇದ್ದದ್ದು ಬಾವಿ ಓಣಿಯ ಒಂದು ವಿಳಾಸ.

"ತಿಂಗಳ ಕೊನೆಗೆ ನಿಧಿ ಮುಚ್ತೀವಿ," ಎಂದರು ಮೇಡಂ. "ಅಷ್ಟರೊಳಗೆ ಈ ಮನುಷ್ಯ ಸಿಗದಿದ್ರೆ ಅವನ ದುಡ್ಡು ಸರ್ಕಾರದ ಖಜಾನೆಗೆ. ಅಲ್ಲಿಂದ ವಾಪಸ್ ತರೋಕೆ ಅವನಿಗೆ ಇನ್ನೊಂದು ಜನ್ಮ ಬೇಕು. ಆಮೇಲೆ ಕಚೇರಿಗೆ ಬೇರೆ ಕಾರ್ಖಾನೆಗಳ ನಿಧಿ ಬರುತ್ತೆ, ಅದಕ್ಕೆ ನೀವು ಕಾಯಂ ಆಗೋದೂ ಇದರ ಮೇಲೇ ನಿಂತಿದೆ, ತಿಳೀತಾ?"

"ಬಿಗಿಯಾಗಿ ಬರೀತೀನಿ ಮೇಡಂ," ಎಂದರು ಗುಮಾಸ್ತರು.

ಇನ್ನು ಛತ್ರಿ ತಾತನ ವಿಷಯ ಹೇಳಬೇಕು.

ಅತ್ತೆಯ ಮನೆಯ ಹಿಂಭಾಗದಲ್ಲಿ ಒಂದು ಕೋಣೆ ಬಾಡಿಗೆಗಿತ್ತು. ಅದರಲ್ಲಿದ್ದ ಮುದುಕ ಕೊಡೆ ರಿಪೇರಿ ಮಾಡುತ್ತಿದ್ದುದರಿಂದ ಬೀದಿಗೆಲ್ಲ ಛತ್ರಿ ತಾತ. ಅವನಿಗೆ ಬೇರೆ ಹೆಸರಿರಬಹುದು ಎಂದು ಯಾರಿಗೂ ತೋಚಿರಲಿಲ್ಲ. ಅತ್ತೆ ಬಾಡಿಗೆಗೆ ರಸೀದಿ ಕೊಡುವವರಲ್ಲ. ಬಾಡಿಗೆಯೂ ಈಚೆಗೆ ಬರುತ್ತಿರಲಿಲ್ಲ, ಜನ ಮುರಿದ ಕೊಡೆ ಎಸೆದು ಹೊಸದು ಕೊಳ್ಳತೊಡಗಿದ್ದರು. "ಈ ತಿಂಗಳು ಮುಗೀಲಿ ತಾತ, ಆಮೇಲೆ ಕೋಣೆ ಟೈಲರ್‌ಗೆ ಕೊಡ್ತೀನಿ, ಹೊಲಿಗೆ ಮಷೀನ್ ಇಟ್ಕೊಳ್ಳೋಕೆ ಕೇಳ್ತಿದ್ದಾನೆ," ಎಂದು ಅತ್ತೆ ಹೇಳಿಬಿಟ್ಟಿದ್ದರು. ಹೇಳಿದ ಮೇಲೆ ಎರಡು ಹೊತ್ತು ಅವರಿಗೇ ಊಟ ಸೇರಿರಲಿಲ್ಲ, ಅದು ಬೇರೆ ಮಾತು.

ಗುಮಾಸ್ತರಿಗೆ ಪ್ರಪಂಚದಲ್ಲಿ ಇದ್ದ ಒಬ್ಬನೇ ಗೆಳೆಯ ಈ ತಾತ. ದಿನಾ ಸಂಜೆ ಅಂಗಳ ದಾಟಿ ಹೋಗಿ ಅವನೊಂದಿಗೆ ಚದುರಂಗ ಆಡುತ್ತಿದ್ದರು. ಕರಿಯ ರಾಜ ಎಂದೋ ಕಳೆದುಹೋಗಿದ್ದ, ಅವನ ಜಾಗದಲ್ಲಿ ಕೊಡೆಯ ಹಿಡಿಯ ತುಂಡೊಂದು ರಾಜ್ಯವಾಳುತ್ತಿತ್ತು. ತಾತ ಮಂಚದ ಮೇಲೆ, ಗುಮಾಸ್ತರು ಮೂರು ಕಾಲಿನ ಒಂದು ಸ್ಟೂಲಿನ ಮೇಲೆ. ಸ್ಟೂಲಿನ ಎರಡು ಕಾಲು ಮರದ್ದು, ಮೂರನೆಯದು ಕಬ್ಬಿಣದ ಕೊಳವೆ. ಗುಮಾಸ್ತರ ಮಟ್ಟಿಗೆ ಅದು ಸಿಂಹಾಸನ. ಅದರ ಮೇಲೆ ಕೂತು ಹೇಳಿದ ಅವರ ಯಾವ ಮಾತಿಗೂ ತಾತ ಇಲ್ಲ ಅಂದವನಲ್ಲ.

ಒಂದು ಸಂಜೆ ತಾತನ ಕೈ ಕುದುರೆಯನ್ನು ಎತ್ತಿ ಇಡಲು ಮರೆಯಿತು.

"ಸಾಹೇಬ್ರೇ, ಒಂದು ಕಾನೂನು ಪಾಯಿಂಟು. ನನಗಲ್ಲ, ನನ್ನ ಒಬ್ಬ ಗೆಳೆಯನಿಗೆ."

"ಕೇಳಿ ತಾತ."

"ಅವನು ಒಂದು ಕಾರ್ಖಾನೇಲಿದ್ದ. ಅದು ಮುಚ್ಚಿದ ದಿನ ತಾನು ಕೂರ್ತಿದ್ದ ಸ್ಟೂಲನ್ನ ಹೆಗಲ ಮೇಲೆ ಹೊತ್ಕೊಂಡು ಮನೆಗೆ ಬಂದ. ಯಾರನ್ನೂ ಕೇಳ್ಲಿಲ್ಲ. ಈಗ ಯಾವುದೋ ಕಚೇರಿಯವರು ಪತ್ರದ ಮೇಲೆ ಪತ್ರ ಹಾಕ್ತಿದ್ದಾರೆ. ಎಲ್ಲಾ ಗೊತ್ತಾಗಿದೆ, ಬಂದು ತಪ್ಪೊಪ್ಪಿಕೋ ಅನ್ನೋ ಹಾಗೆ."

ಗುಮಾಸ್ತರು ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿದರು. "ಕಂಪನಿ ಆಸ್ತಿ! ತಾತ, ಇದು ಸಣ್ಣ ವಿಷಯ ಅಲ್ಲ. ಸ್ಟೂಲಿಂದ ಶುರುವಾಗುತ್ತೆ, ಆಮೇಲೆ ಬಡ್ಡಿ, ಸವಕಳಿ, ಮಾನನಷ್ಟ."

"ಸ್ಟೂಲಿಗೆ ಮಾನ ಇರುತ್ತಾ?"

"ಕಂಪನಿಗಿರುತ್ತೆ."

ತಾತ ಬೆವರೊರೆಸಿಕೊಂಡ. "ಅವನೇನು ಮಾಡ್ಬೇಕು ಹೇಳಿ."

ಇಂಥ ಪ್ರಶ್ನೆಯನ್ನು ಗುಮಾಸ್ತರಿಗೆ ಜೀವನದಲ್ಲಿ ಯಾರೂ ಕೇಳಿರಲಿಲ್ಲ. ತಾವು ಹುಡುಕುವ ಜನ ತಮ್ಮನ್ನು ಹೇಗೆಲ್ಲ ಸತಾಯಿಸುತ್ತಾರೆ ಎನ್ನುವುದೊಂದೇ ಅವರಿಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆ. ಅದನ್ನೇ ಕಾನೂನೆಂದು ಹೇಳಿಕೊಟ್ಟರು. "ಉತ್ತರ ಬರೀಬಾರ್ದು. ಅಂಥ ವ್ಯಕ್ತಿ ಇಲ್ಲಿಲ್ಲ ಅಂತ ಲಕೋಟೆ ಮೇಲೆ ಗೀಚಿ ವಾಪಸ್ ಕಳಿಸ್ಬೇಕು. ಅಲ್ಲಿ ಯಾರೋ ಒಬ್ಬ ಪೆದ್ದ ಕೂತಿರ್ತಾನೆ, ಅದನ್ನ ಫೈಲಿಗೆ ಸೇರಿಸಿ ಸುಮ್ಮನಾಗ್ತಾನೆ."

ತಾತನ ಮುಖ ಅರಳಿತು. "ನಿಮ್ಮಂಥವರು ಮನೇಲಿರೋದು ನಮ್ಮ ಪುಣ್ಯ."

ಮಾರನೆಯ ವಾರ ಮೆಟ್ಟಿಲ ಕೆಳಗಿನ ಮೇಜಿಗೆ ಲಕೋಟೆ ವಾಪಸು ಬಂತು. "ಅಂಥ ವ್ಯಕ್ತಿ ಇಲ್ಲಿಲ್ಲ." ಗುಮಾಸ್ತರು ಅದನ್ನು ಫೈಲಿಗೆ ಸೇರಿಸಿ ಸುಮ್ಮನಾದರು. ಆ ಸಂಜೆ ತಾವೂ ದುಃಖ ತೋಡಿಕೊಂಡರು: "ಹೆಸರು ಹೇಳೋ ಹಾಗಿಲ್ಲ ತಾತ, ಒಬ್ಬ ಆಸಾಮಿ ನನ್ನ ಪ್ರಾಣ ತಿಂತಿದ್ದಾನೆ. ಮನೇಲಿದ್ಕೊಂಡೇ ಇಲ್ಲ ಅಂತಾನೆ. ಇವನು ಸಿಗದಿದ್ರೆ ನನ್ನ ಕೆಲಸಕ್ಕೇ ಸಂಚಕಾರ."

ತಾತನಿಗೆ ಕೆಂಡದಂಥ ಕೋಪ ಬಂತು. "ಎಂಥ ಖದೀಮ! ಬಿಡ್ಬೇಡಿ ಸಾಹೇಬ್ರೇ. ಇನ್ನೂ ಖಾರವಾಗಿ ಬರೀರಿ. ಮನೆಗೇ ಬರ್ತೀವಿ ಅನ್ನಿ, ತಾನಾಗಿ ಓಡಿ ಬರ್ತಾನೆ."

ಗುಮಾಸ್ತರು ಹಾಗೇ ಬರೆದರು. ಎರಡು ದಿನಕ್ಕೆ ತಾತ ಬಾಗಿಲಲ್ಲೇ ಕಾಯುತ್ತಿದ್ದ. "ನನ್ನ ಗೆಳೆಯನ ಮನೆಗೇ ಬರ್ತಾರಂತೆ!"

"ಬರ್ಲಿ. ಆ ಮನುಷ್ಯ ತೀರಿಹೋದ ಅಂತ ಹೇಳೋಕೆ ಹೇಳಿ. ಸತ್ತವರ ಮೇಲೆ ಯಾವ ಕೇಸೂ ನಿಲ್ಲಲ್ಲ. ಒಂದು ಮಾತು ನೆನಪಿರ್ಲಿ, ಬಂದವರು 'ಹೆದರ್ಬೇಡಿ, ಒಳ್ಳೇ ವಿಷಯ' ಅಂತಾರೆ. ಅದು ಅವರ ಹಳೇ ಉಪಾಯ. ಬಾಯಿ ಬಿಡಲೇಬಾರ್ದು."

ಇಷ್ಟು ಹೇಳಿ ಗುಮಾಸ್ತರು ತಾತನ ಕೊಡೆಹಿಡಿ ರಾಜನಿಗೆ ಚೆಕ್ ಕೊಟ್ಟರು.

ತಿಂಗಳ ಕೊನೆಯ ದಿನ ಬಂತು. ಮೇಡಂ ಪೆನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. "ನಡೀರಿ, ನಾವೇ ಹೋಗಿ ನೋಡೋಣ. ಬಾವಿ ಓಣಿ ಎಲ್ಲಿ ಬರುತ್ತೆ?"

ಗುಮಾಸ್ತರಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಕೇಳೋಣವೆಂದರೆ ರಹಸ್ಯ. ಅಂಚೆಯಣ್ಣನನ್ನು ಹಿಡಿದರು. ಅವನು ಸೈಕಲ್ ತಳ್ಳುತ್ತಾ ಮುಂದೆ ನಡೆದ. "ಆ ಹೆಸರು ಈಗ ಯಾರೂ ಹೇಳಲ್ಲ ಬಿಡಿ. ಮೊದಲು ಅದೇ ದೊಡ್ಡ ದಾರಿ. ಆ ಕಡೆ ಹೊಸ ರಸ್ತೆ ಬಂದ್ಮೇಲೆ ಎಲ್ರೂ ಬಾಗಿಲು ಅತ್ಲಾಗೆ ತಿರುಗಿಸ್ಕೊಂಡ್ರು. ಈಗ ಓಣಿಗಿರೋದು ಮನೆಗಳ ಬೆನ್ನು ಮಾತ್ರ."

ಗುಮಾಸ್ತರು ಎಂದೂ ಮನೆಗಳ ಬೆನ್ನು ನೋಡಿದವರಲ್ಲ. ಮುಂಬಾಗಿಲಿಂದ ಹೋಗಿ ಮುಂಬಾಗಿಲಿಂದ ಬರುವ ಮನುಷ್ಯ. ನೀರಿನ ಟ್ಯಾಂಕು, ಮುರಿದ ಕುರ್ಚಿ, ಒರಗಿಸಿಟ್ಟ ಏಣಿಗಳ ನಡುವೆ ನಡೆಯುತ್ತಾ, "ಇಂಥ ಕಡೆ ಅಡಗಿಕೊಳ್ಳದೆ ಇನ್ನೆಲ್ಲಿ ಅಡಗಿಕೊಳ್ತಾನೆ ಮೇಡಂ," ಎಂದರು. ಅಂಚೆಯಣ್ಣ ಒಂದು ನೀಲಿ ಬಾಗಿಲ ಮುಂದೆ ಸೈಕಲ್ ನಿಲ್ಲಿಸಿ ಗಂಟೆ ಬಾರಿಸಿದ.

ಪಕ್ಕದ ಗೋಡೆಯ ಮೇಲಿನ ಹಗ್ಗದಲ್ಲಿ ಬಟ್ಟೆ ಒಣಗುತ್ತಿತ್ತು. ಅದರಲ್ಲೊಂದು ಗೀರು ಗೀರು ಷರಟು. ಎಲ್ಲೋ ನೋಡಿದ ಹಾಗಿದೆಯಲ್ಲ ಅಂದುಕೊಂಡರು ಗುಮಾಸ್ತರು. ಎರಡನೆಯ ಗುಂಡಿ ಬಿಳಿಯದು, ಮಿಕ್ಕವು ಕಂದು. ಹೆಂಡತಿ ಹೊಲಿದ ಗುಂಡಿ. ನಿನ್ನೆ ಬಿಚ್ಚಿ ಹಾಕಿದ ಷರಟು.

ಅವರಿನ್ನೂ ಷರಟಿನಿಂದ ಕಣ್ಣು ಕಿತ್ತಿರಲಿಲ್ಲ, ಬಾಗಿಲು ತೆರೆಯಿತು. ಛತ್ರಿ ತಾತ ನಿಂತಿದ್ದ. ಮೇಡಂ ಫೈಲಿನಲ್ಲಿದ್ದ ಹೆಸರನ್ನು ಗಟ್ಟಿಯಾಗಿ ಓದಿ, "ಇದ್ದಾರಾ?" ಎಂದರು.

ತಾತ ಕಲಿತ ಪಾಠ ಒಪ್ಪಿಸಿದ. "ತೀರಿಹೋದ್ರು."

ಆಮೇಲೆ ಮೇಡಂ ಬೆನ್ನ ಹಿಂದಿದ್ದ ಗುಮಾಸ್ತರನ್ನು ಕಂಡು ಅವನ ಮುಖಕ್ಕೆ ಜೀವ ಬಂತು. ತನ್ನ ವಕೀಲರು ಸಮಯಕ್ಕೆ ಸರಿಯಾಗಿ ಬಂದಿದ್ದಾರೆ! ಒಂದು ಕಣ್ಣು ಮಿಟುಕಿಸಿದ.

ಗುಮಾಸ್ತರ ತಲೆಯೊಳಗೆ ಎಷ್ಟೋ ಸಂಜೆಗಳ ಮಾತುಗಳು ಒಟ್ಟಿಗೆ ಎದ್ದು ನಿಂತವು. "ತಾತ," ಎಂದರು, "ಹೆದರ್ಬೇಡಿ. ಒಳ್ಳೇ ವಿಷಯ."

ತಾತ ಇನ್ನೊಂದು ಕಣ್ಣನ್ನೂ ಮಿಟುಕಿಸಿದ. "ಗೊತ್ತು ಬಿಡಿ. ಬಾಯಿ ಬಿಡಲ್ಲ."

ಗದ್ದಲ ಕೇಳಿ ಅತ್ತೆ ಅಂಗಳದಿಂದ ಬಂದರು. ತಾತನನ್ನು ಯಾರೋ ಹಿಡಿದುಕೊಂಡು ಹೋಗಲು ಬರುತ್ತಾರೆಂದು ಅವರಿಗೆ ಅವನೇ ಹೇಳಿಟ್ಟಿದ್ದ. "ಸತ್ತು ಹತ್ತು ವರ್ಷ ಆಯ್ತಮ್ಮ!" ಎಂದು ಅವರು ಘೋಷಿಸುವುದಕ್ಕೂ, "ಹೋದ ತಿಂಗಳು," ಎಂದು ತಾತ ಹೇಳುವುದಕ್ಕೂ ಸರಿಹೋಯಿತು.

"ಎರಡರಲ್ಲಿ ಯಾವುದು?" ಎಂದರು ಮೇಡಂ.

"ಹತ್ತು ವರ್ಷದ ಹಿಂದೆ ಕಾಯಿಲೆ ಬಿದ್ರು," ಎಂದ ತಾತ. "ಮುಗಿಸಿದ್ದು ಹೋದ ತಿಂಗಳು. ಬಹಳ ನಿಧಾನದ ಮನುಷ್ಯ."

"ಪತ್ರಗಳನ್ನ ವಾಪಸ್ ಕಳಿಸ್ತಿದ್ದವರು?"

"ಅವರೇ."

"ಈ ವಾರವೂ ಒಂದು ಬಂತಲ್ಲ?"

ತಾತ ಮೇಲಕ್ಕೆ ಕೈ ಮುಗಿದ. "ಸತ್ತ ಮೇಲೂ ಯಾರಿಗೂ ಬಾಕಿ ಇಟ್ಕೊಳ್ಳೋ ಜಾಯಮಾನ ಅಲ್ಲ ಅವರದ್ದು."

"ನನಗೆ ಬಾಡಿಗೆ ಇಟ್ಕೊಂಡಿದ್ದಾರಲ್ಲ!" ಎಂದು ಬಾಯಿ ತಪ್ಪಿ ಅಂದ ಅತ್ತೆ, ತಕ್ಷಣ ಸೆರಗಿನಿಂದ ಕಣ್ಣೊರೆಸಿಕೊಂಡರು. "ಪುಣ್ಯಾತ್ಮ. ಇರ್ಲಿ, ಸತ್ತವರನ್ನ ಯಾಕೆ ಅನ್ನೋದು. ಅಳಿಯಂದಿರೇ, ಯಾಕೆ ಸುಮ್ನೆ ನಿಂತಿದ್ದೀರಿ? ನೀವು ಕಾನೂನಿನವರು, ನೀವೇ ಹೇಳಿ ಇವರಿಗೆ!"

ಮೇಡಂ ನಿಧಾನವಾಗಿ ಹಿಂದಕ್ಕೆ ತಿರುಗಿದರು. "ಅಳಿಯಂದಿರಾ? ಕಾನೂನಿನವರಾ?"

ಆ ಹೊತ್ತಿಗೆ ಟೈಲರ್ ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಓಡಿಬಂದಿದ್ದ. ಕೋಣೆ ಖಾಲಿಯಾಗುವ ವಿಷಯವಿರಬಹುದೆಂದು ಅವನ ಆಸೆ. "ಏನಾಯ್ತು? ಯಾರು ಸತ್ತಿದ್ದು?"

"ತಾತ ಕಣಪ್ಪ," ಎಂದರು ಅತ್ತೆ.

"ಅಯ್ಯಯ್ಯೋ! ಬೆಳಿಗ್ಗೆ ತಾನೆ ಮಾತಾಡ್ಸಿದ್ದೆ!" ಟೈಲರ್ ಎದೆಗೆ ಕೈ ಇಟ್ಟುಕೊಂಡು, ಆಸರೆಗೆಂದು ಹತ್ತಿರ ನಿಂತಿದ್ದವರ ಭುಜ ಹಿಡಿದ. "ಕೇಳಿದ್ರಾ ತಾತ, ತಾತ ಹೋಗ್ಬಿಟ್ರಂತೆ."

"ನನಗೂ ಈಗಲೇ ಗೊತ್ತಾಗಿದ್ದು," ಎಂದ ತಾತ, ಅವನ ಬೆನ್ನು ತಟ್ಟುತ್ತಾ.

ಮೇಡಂಗೆ ಸಾಕಾಯಿತು. ಅವರು ಪೆನ್ನಿನ ಮುಚ್ಚಳ ತೆಗೆದರು. "ನೋಡಿ, ನಾನು ಎದುರಿಗೆ ಹೇಳಿದ್ದನ್ನ ಬರ್ಕೊಳ್ಳೋಳು. ಯಾರನ್ನೂ ಬಲವಂತವಾಗಿ ಬದುಕಿಸೋ ಅಧಿಕಾರ ನನಗಿಲ್ಲ. ವಾರಸುದಾರರು ಇದ್ದಾರಾ?"

"ನರಪಿಳ್ಳೆ ಇಲ್ಲ," ಎಂದ ತಾತ. ಅದೊಂದನ್ನು ಅವನು ನಿಜವಾಗಿ ಹೇಳಿದ. ಹೇಳುವಾಗ ದನಿ ಸ್ವಲ್ಪ ಸಣ್ಣದಾಯಿತು.

"ಮೃತ. ವಾರಸುದಾರರಿಲ್ಲ." ಮೇಡಂ ಬರೆಯತೊಡಗಿದರು. ಇನ್ನೊಂದು ಸಹಿ ಬಿದ್ದರೆ ಮುಗಿಯಿತು. ತಾತನ ಹಣ ಖಜಾನೆಗೆ, ತಾತ ಬೀದಿಗೆ. ಹಣವಿದೆ ಎಂದು ಕೂಗೋಣವೆಂದರೆ, ಗುರುತು ಖಚಿತವಾಗದೆ ಹಣದ ಮಾತಿಲ್ಲ. ಗುರುತು ಹೇಳು ಎಂದರೆ ತಾತ ಬಾಯಿ ಬಿಡುವುದಿಲ್ಲ. ಬಿಡಬಾರದೆಂದು ಕಲಿಸಿದ ಗುರುಗಳು ಅಲ್ಲೇ ನಿಂತು ಬೆವರುತ್ತಿದ್ದರು. ತೆರೆದ ಬಾಗಿಲಿಂದ ಒಳಗೆ ಚದುರಂಗದ ಮಣೆ ಕಂಡಿತು. ಅದರ ಪಕ್ಕದಲ್ಲಿ ಸ್ಟೂಲು.

ಗುಮಾಸ್ತರು ಜೀವನದಲ್ಲಿ ಮೊದಲ ಸಲ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದರು. ಒಳಗೆ ನುಗ್ಗಿ ಸ್ಟೂಲನ್ನು ಎತ್ತಿಕೊಂಡು ಓಣಿಗೆ ಬಂದರು.

"ಮೇಡಂ, ಸತ್ತವನ ಹತ್ರ ಕಂಪನಿಯ ಈ ಸ್ಟೂಲಿತ್ತು. ಕೇಳೋರು ದಿಕ್ಕಿಲ್ಲ. ಇದನ್ನ ಒಡೆದು ಸೌದೆ ಅಂತ ಬರ್ಕೊಳ್ಳೋಣ. ನೋಡಿ, ಈ ಕಾಲಂತೂ ಯಾವನೋ ಕೆಲಸ ಬಾರದವನು ಹಾಕಿರೋದು, ಹೇಗೆ ಅಲ್ಲಾಡುತ್ತೆ!"

"ಯಾವನೋ?" ತಾತನ ದನಿ ಓಣಿಯ ಎರಡೂ ತುದಿಗೆ ಮುಟ್ಟಿತು. "ಕೆಲಸ ಬಾರದವನಾ? ಆ ಕಾಲು ಹಾಕಿದ್ದು ನಾನು! ಪ್ರತಿದಿನ ಅದರ ಮೇಲೆ ಕೂತು ಬೀಗ ನೋಡಿದವನು ನಾನು! ನನ್ನ ಕೈ ದಾಟಿದ ಒಂದು ಬೀಗ ತಾನಾಗಿ ಬಾಯಿ ಬಿಟ್ಟಿದ್ರೆ ಹೇಳ್ರಿ! ಇಡ್ರೀ ಕೆಳಗೆ! ತಿರುಗಿಸಿ ನೋಡ್ರೀ ಅದರ ತಳ, ನನ್ನ ಬಿಲ್ಲೆ ಹೊಡೆದಿದ್ದೀನಿ!"

ಗುಮಾಸ್ತರು ಸ್ಟೂಲನ್ನು ಬುಡಮೇಲು ಮಾಡಿದರು. ತಳದಲ್ಲಿ ಮೊಳೆ ಹೊಡೆದ ಹಿತ್ತಾಳೆಯ ಪುಟ್ಟ ಬಿಲ್ಲೆ, ಅದರ ಮೇಲೆ ಕಾರ್ಖಾನೆಯ ಗುರುತು ಮತ್ತು ಕೆಲಸಗಾರನ ಸಂಖ್ಯೆ. ಮೇಡಂ ಫೈಲು ನೋಡಿದರು, ಬಿಲ್ಲೆ ನೋಡಿದರು, ಗುಮಾಸ್ತರನ್ನು ನೋಡಿದರು.

"ನೀವು ಇದರ ಮೇಲೆ ಕೂತಿದ್ದೀರಾ?"

"ದಿನಾ ಸಂಜೆ, ಮೇಡಂ."

ತಾನು ಏನು ಒದರಿದೆನೆಂದು ತಾತನಿಗೆ ಅರಿವಾಗಿ, ಎರಡೂ ಕೈ ಮುಂದೆ ಚಾಚಿದ. "ಆಯ್ತು. ನಾನೇ. ಕರ್ಕೊಂಡು ಹೋಗಿ. ಸಾಹೇಬ್ರದ್ದೇನೂ ತಪ್ಪಿಲ್ಲ, ಅವರು ಚೆನ್ನಾಗೇ ಹೇಳಿಕೊಟ್ಟಿದ್ರು. 'ಅಲ್ಲಿ ಒಬ್ಬ ಪೆದ್ದ ಕೂತಿರ್ತಾನೆ' ಅಂತ ಕೂಡ ಹೇಳಿದ್ರು."

"ಆ ಮಾತು ನಿಜ," ಎಂದರು ಮೇಡಂ. ಬರೆದದ್ದನ್ನು ಅಡ್ಡಗೀರು ಎಳೆದು ಹೊಡೆದುಹಾಕಿ, ತಾತನ ಚಾಚಿದ ಕೈಗೆ ಪೆನ್ನು ಕೊಟ್ಟರು. "ಸಹಿ ಹಾಕಿ. ನಿಮ್ಮ ನಿವೃತ್ತಿ ಹಣ. ಬಡ್ಡಿ ಸಮೇತ. ಇಷ್ಟು ವರ್ಷ ನಾವು ಹುಡುಕ್ತಿದ್ದದ್ದು ಇದನ್ನ ಕೊಡೋಕೆ."

"ಮತ್ತೆ ಸ್ಟೂಲು?"

"ಸ್ಟೂಲು ನಮ್ಮ ವಿಭಾಗಕ್ಕೆ ಬರಲ್ಲ." ಅಷ್ಟು ಹೊತ್ತು ನಿಂತು ಕಾಲು ನೋಯುತ್ತಿದ್ದುದರಿಂದ ಮೇಡಂ ಅದನ್ನು ನೆಟ್ಟಗೆ ಮಾಡಿ, ಅದರ ಮೇಲೆಯೇ ಕೂತು ಕಾಗದ ಪತ್ರ ಮುಗಿಸಿದರು. ಅದು ಅಲ್ಲಾಡಲಿಲ್ಲ.

ಮೊತ್ತ ಕೇಳಿ ತಾತ ಬಾಗಿಲ ಹೊಸ್ತಿಲಲ್ಲಿ ಕೂತ. ಕೂತಲ್ಲಿಂದಲೇ ಟೈಲರ್‌ಗೆ ಹೇಳಿದ: "ಮಷೀನ್‌ಗೆ ಬೇರೆ ಕಡೆ ನೋಡ್ಕೋಪ್ಪ. ನಾನು ಸತ್ತಿದ್ದು ಕ್ಯಾನ್ಸಲ್." ಅತ್ತೆ ನಿಜವಾಗಿ ಅಳತೊಡಗಿದರು. ಅಳು ಮುಗಿದ ಮೇಲೆ ಅಳಿಯನ ಕಡೆ ತಿರುಗಿದರು.

"ಹಾಗಾದ್ರೆ ಆ ಪತ್ರ ಬರೀತಿದ್ದವರು ನೀವು. ಅದನ್ನ ವಾಪಸ್ ಕಳಿಸೋಕೆ ಹೇಳಿಕೊಟ್ಟವರೂ ನೀವು."

"ಹೌದು ಅತ್ತೆ."

"ಇದಕ್ಕೆ ಎರಡು ಸಂಬಳ ಕೊಡ್ತಾರಾ?"

ಅಂದಿನಿಂದ ತರಕಾರಿಯವಳ ತಕ್ಕಡಿ ನೆಟ್ಟಗೆ ನಿಲ್ಲತೊಡಗಿತು. "ರಹಸ್ಯ ಸಾಹೇಬರು" ಎಂಬ ಹೆಸರು ಮಾತ್ರ ಹೋಗಲಿಲ್ಲ, ಹೇಳುವವರು ನಗು ಸೇರಿಸಿ ಹೇಳುತ್ತಿದ್ದರು. ಗುಮಾಸ್ತರಿಗೆ ಅದೂ ಅಭ್ಯಾಸವಾಯಿತು. ಅಭ್ಯಾಸವಾಗದಿದ್ದದ್ದು ಒಂದೇ, ಅವರ ಕೆಲಸ ಕಾಯಂ ಮಾಡುವ ಬಗ್ಗೆ ಮೇಡಂ ಚಕಾರ ಎತ್ತದೆ ಇದ್ದದ್ದು.

ಒಂದು ರಜೆಯ ದಿನ ಅಂಚೆಯಣ್ಣ ಮುಂಬಾಗಿಲಿಗೆ ಬಂದು ಗುಮಾಸ್ತರ ಹೆಸರಿಗಿದ್ದ ರಿಜಿಸ್ಟರ್ಡ್ ಪತ್ರ ಹೆಂಡತಿಯ ಕೈಗೆ ಹಿಡಿಸಿದ. ಅವಳು ಅಲ್ಲೇ ಒಡೆದು ಓದಿದಳು. "ರೀ, ನಿಮ್ಮ ಆಫೀಸಿಂದ. 'ತಮಗೆ ಸಂಬಂಧಿಸಿದ ಒಂದು ವಿಷಯವು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ತಾವು ಗುರುತಿನ ದಾಖಲೆಯೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು...'"

ಗುಮಾಸ್ತರಿಗೆ ಪ್ರತಿಯೊಂದು ಅಕ್ಷರವೂ ಪರಿಚಿತ. ತಾವೇ ಬರೆದು, ತಾವೇ ತಿದ್ದಿ, ತಾವೇ ಮೆಚ್ಚಿಕೊಂಡಿದ್ದ ಪತ್ರ. ಹಾಜರಾದವರಿಗೆ ಈ ತನಕ ಒಳ್ಳೆಯದೇ ಆಗಿದೆ ಎನ್ನುವುದೂ ಅವರಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ. ಆದರೂ "ತಕ್ಕದ್ದು" ಕಿವಿಗೆ ಬಿದ್ದದ್ದೇ ತಡ, ಕಾಲು ತಾನಾಗಿ ಅಂಗಳ ದಾಟಿತು. ತಾತನ ಕೋಣೆಗೆ ನುಗ್ಗಿ, ಮಂಚದ ಹಿಂದೆ ಕೊಡೆಗಳ ರಾಶಿಯ ನಡುವೆ ಕೂತರು.

ಹೆಂಡತಿ ಪತ್ರದ ಎರಡನೆಯ ಹಾಳೆ ಬೀಸುತ್ತಾ ಬಾಗಿಲಿಗೆ ಬಂದಳು. "ತಾತ, ಇವರು ಈ ಕಡೆ ಬಂದ್ರಾ? ಕೆಲಸ ಕಾಯಂ ಆಗಿದೆ ಅಂತ ಬರೆದಿದ್ದಾರೆ. ಹೆದರೋಕೆ ಏನೂ ಇಲ್ಲ, ಒಳ್ಳೇ ವಿಷಯ!"

ತಾತ ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಚದುರಂಗದ ಮಣೆಯಿಂದ ತಲೆ ಎತ್ತದೆ ಹೇಳಿದ:

"ಅಂಥ ವ್ಯಕ್ತಿ ಇಲ್ಲಿ ಯಾರೂ ಇಲ್ಲಮ್ಮ."